ಕಾಶ್ಮೀರದ ಅಂಬ್ರಿ ಸೇಬು



ಕರ್ನಾಟಕದ ಪೇಟೆಗಳಲ್ಲಿ ಕಾಶ್ಮೀರದ ಸೇಬೆಂದು ಮಾರಾಟವಾಗುವ ಹಣ್ಣು ಬಹುಪಾಲು ಡೆಲಿಷಿಯಸ್ ತಳಿಯದು. ಅದರ ತವರು ಅಮೆರಿಕದ ಅಯೋವಾ ರಾಜ್ಯ. ಕಣಿವೆಯ ಸ್ವಂತ ಸೇಬು ಬೇರೆಯೇ ಇದೆ. ಅದರ ಹೆಸರು ಅಂಬ್ರಿ. ಶೋಪಿಯಾನ್ ಸೀಮೆಯಲ್ಲಿ ಒಂದು ಕಾಲಕ್ಕೆ ಹೆಸರುವಾಸಿಯಾಗಿದ್ದ ಈ ಮರ ಇಂದು ವಿರಳವಾಗಿದೆ.

ಅಂಬ್ರಿ ತುಸು ನೀಳವಾದ, ತುದಿಯತ್ತ ಕಿರಿದಾಗುವ ಹಣ್ಣು. ಹಸಿರು ಹಳದಿ ಮೈಮೇಲೆ ಕೆಂಪು ಗೀರುಗಳು. ಕತ್ತರಿಸಿದರೆ ಬೆಳ್ಳನೆಯ ಗರಿಗರಿ ತಿರುಳು, ಸಿಹಿ, ಸಿಹಿಗಿಂತ ಮಿಗಿಲಾದ ಪರಿಮಳ. ಕೊಯ್ಲು ತಡವಾಗಿ, ಸೆಪ್ಟೆಂಬರ್ ಕೊನೆಗೆ ಇಲ್ಲವೆ ಅಕ್ಟೋಬರಿನಲ್ಲಿ. ಇದರ ನಿಜವಾದ ಗುಣ ತಿಳಿಯುವುದು ಕೊಯ್ದ ಮೇಲೆಯೇ. ಶೀತಲಗೃಹದ ಹಂಗಿಲ್ಲದೆ, ಮನೆಯ ತಣ್ಣನೆಯ ಕೋಣೆಯಲ್ಲಿಯೇ ಅದು ಚಳಿಗಾಲವನ್ನು ದಾಟಬಲ್ಲದು. ಹಿಮ ಬಿದ್ದು ದಾರಿ ಮುಚ್ಚುವ ನಾಡಿನಲ್ಲಿ ಇದು ಸಣ್ಣ ಉಪಕಾರವಲ್ಲ.

ಇಂಥ ಹಣ್ಣು ಹಿಂದೆ ಬಿದ್ದುದು ರುಚಿಯಲ್ಲಿ ಸೋತು ಅಲ್ಲ. ಮರ ಫಲಕ್ಕೆ ಬರಲು ಹಲವು ವರ್ಷ ಕಾಯಿಸುತ್ತದೆ. ಬಂದ ಮೇಲೂ ಒಂದು ವರ್ಷ ತುಂಬಿ ಬಿಟ್ಟು ಮರುವರ್ಷ ಬರಿದಾಗುತ್ತದೆ. ಮಾವು ಬೆಳೆಯುವವರಿಗೆ ಈ ಸ್ವಭಾವ ಹೊಸದಲ್ಲ. ಸ್ಕ್ಯಾಬ್ ಎಂಬ ಶಿಲೀಂಧ್ರ ರೋಗಕ್ಕೂ ಅಂಬ್ರಿ ಸುಲಭವಾಗಿ ತುತ್ತಾಗುತ್ತದೆ. ಭಾರತದಲ್ಲಿ ಆ ರೋಗ ಮೊದಲು ವರದಿಯಾದುದು 1935ರಲ್ಲಿ, ಅಂಬ್ರಿಯ ಮೇಲೆಯೇ. 1973ರಲ್ಲಿ ಅದು ಕಣಿವೆಯಲ್ಲಿ ಪಿಡುಗಾಗಿ ಹಬ್ಬಿದಾಗ, ನ್ಯಾಯವಾಗಿ ಹೇಳುವುದಾದರೆ, ಡೆಲಿಷಿಯಸ್ಸೂ ಪಾರಾಗಲಿಲ್ಲ. ಆದರೆ ಡೆಲಿಷಿಯಸ್ ಬೇಗ ಫಲಿಸುತ್ತದೆ, ಮೈತುಂಬ ಕೆಂಪಾಗಿ ಮಾರುಕಟ್ಟೆಯ ಕಣ್ಣಿಗೆ ಹಿಡಿಸುತ್ತದೆ. ಸಾಲ ತೀರಿಸಬೇಕಾದ ಬೆಳೆಗಾರನು ಅದನ್ನು ಆರಿಸಿಕೊಂಡನೆಂದು ಅವನನ್ನು ಹಳಿಯುವುದು ಸಲ್ಲದು.

ವಿದ್ಯಾರ್ಥಿಗಳು ಒಂದು ಸಂಗತಿಯನ್ನು ಗಮನಿಸಬೇಕು. ಅಂಬ್ರಿಯ ಬೀಜ ಬಿತ್ತಿದರೆ ಅಂಬ್ರಿ ಹುಟ್ಟದು. ಸೇಬಿನ ಹೂವು ಕಾಯಿಕಟ್ಟಲು ಸಾಮಾನ್ಯವಾಗಿ ಬೇರೊಂದು ತಳಿಯ ಪರಾಗ ಬೇಕು. ಹೀಗಾಗಿ ಪ್ರತಿ ಬೀಜವೂ ಹೊಸ ಮಿಶ್ರಣ. ತಾಯಿಮರದ ಕುಡಿಯನ್ನು ಕಸಿ ಕಟ್ಟಿದರೆ ಮಾತ್ರ ತಳಿ ಉಳಿಯುತ್ತದೆ. ಅಪ್ಪೆಮಿಡಿಯನ್ನು ಕಸಿಯಿಂದ ಉಳಿಸಿಕೊಂಡಿರುವ ಮಲೆನಾಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಾಶ್ಮೀರದ ಕೃಷಿ ವಿಜ್ಞಾನಿಗಳು ಅಂಬ್ರಿಯನ್ನು ರೆಡ್ ಡೆಲಿಷಿಯಸ್ಸಿನೊಡನೆ ಕೂಡಿಸಿ ಲಾಲ್ ಅಂಬ್ರಿಯನ್ನೂ, ಗೋಲ್ಡನ್ ಡೆಲಿಷಿಯಸ್ಸಿನೊಡನೆ ಕೂಡಿಸಿ ಸುನೇಹರಿಯನ್ನೂ ಪಡೆದರು. ಒಳ್ಳೆಯ ಹಣ್ಣುಗಳೇ, ಆದರೆ ಅವುಗಳಲ್ಲಿ ಅಂಬ್ರಿಯ ಪಾಲು ಅರ್ಧ ಮಾತ್ರ. ನಾಳೆ ಮತ್ತೊಂದು ಸಂಕರ ಬೇಕಾದಾಗ ಪೂರ್ಣ ಅಂಬ್ರಿ ಎಲ್ಲಿಂದ ಬರಬೇಕು? ಈಗ ಕಣಿವೆಯಲ್ಲಿ ಎರಡು ಮೂರು ವರ್ಷಕ್ಕೇ ಫಲ ಕೊಡುವ ಗಿಡ್ಡ ಗಿಡಗಳ ದಟ್ಟ ತೋಟಗಳು ಏಳುತ್ತಿವೆ. ಅವುಗಳಿಗೆ ಜಾಗ ಮಾಡಲು ಹಳೆಯ ಮರ ಕಡಿಯುವವನು ಅದಕ್ಕೂ ಮೊದಲು, ಚಳಿಗಾಲದ ಕೊನೆಗೆ ಮೊಗ್ಗು ಒಡೆಯುವ ಮುನ್ನ, ಕುಡಿ ತೆಗೆದಿಡಬಹುದು. ಹಿಂದಿನ ವರ್ಷ ಬೆಳೆದ, ಪೆನ್ಸಿಲ್ ದಪ್ಪದ ನಾಲ್ಕು ಕಡ್ಡಿಗಳಾದರೆ ಸಾಕು.