ಬಸ್ಸಿನೊಳಗಿನ ಹಕ್ಕು ಯಾರ ಹೊಣೆ?

ಅಂಗವಿಕಲರ ಹಕ್ಕುಗಳ ಬಗ್ಗೆ ಮಾತನಾಡಿ ಎಂದು ಈ ದತ್ತಿ ಉಪನ್ಯಾಸದ ಸಂಘಟಕರು ಹೇಳಿದಾಗ, ಕಾಯ್ದೆಯ ಕಲಮುಗಳನ್ನು ಓದಿ ಹೇಳುವುದಕ್ಕಿಂತ ಒಂದು ಮೊಕದ್ದಮೆಯ ವಿಷಯ ಹೇಳುವುದು ಮೇಲು ಅನ್ನಿಸಿತು. ಅದು ಇಂಗ್ಲೆಂಡಿನದು.

2012ರ ಫೆಬ್ರವರಿ 24. ಯಾರ್ಕ್‌ಷೈರಿನ ವೆದರ್‌ಬಿ ಪಟ್ಟಣ. ಗಾಲಿಕುರ್ಚಿ ಬಳಸುವ ಡಗ್ ಪಾಲಿ ಎಂಬವರು ಬಸ್ಸಿನಲ್ಲಿ ಲೀಡ್ಸ್‌ಗೆ ಹೋಗಿ, ಅಲ್ಲಿಂದ ರೈಲು ಹಿಡಿದು, ಸ್ಟೇಲಿಬ್ರಿಜ್‌ನಲ್ಲಿ ತಂದೆತಾಯಿಯ ಜೊತೆ ಮಧ್ಯಾಹ್ನದ ಊಟ ಮಾಡುವುದಿತ್ತು. ಬಸ್ಸೇನೋ ಬಂತು. ಆದರೆ ಗಾಲಿಕುರ್ಚಿಯ ಜಾಗದಲ್ಲಿ ಒಬ್ಬ ತಾಯಿ ಮಗುವಿನ ತಳ್ಳುಗಾಡಿ ನಿಲ್ಲಿಸಿಕೊಂಡಿದ್ದರು, ಮಗು ನಿದ್ದೆಯಲ್ಲಿತ್ತು. ಗಾಡಿ ಮಡಚಿ ಜಾಗ ಬಿಡಿ ಎಂದು ಡ್ರೈವರ್ ಕೇಳಿದರು. ಇದು ಮಡಚಲು ಬರುವುದಿಲ್ಲ ಎಂದರು ಆಕೆ. ಹಾಗಾದರೆ ನನ್ನ ಕುರ್ಚಿಯನ್ನೇ ಮಡಚಿಟ್ಟು ಮಾಮೂಲಿ ಸೀಟಿನಲ್ಲಿ ಕೂರಲೇ ಎಂದು ಪಾಲಿ ಕೇಳಿದರು. ಕುರ್ಚಿಯನ್ನು ಭದ್ರವಾಗಿ ಕಟ್ಟಿಡಲು ಅನುಕೂಲವಿಲ್ಲ, ದಾರಿಯಲ್ಲಿ ತಿರುವು ಜಾಸ್ತಿ ಎಂದು ಡ್ರೈವರ್ ಒಪ್ಪಲಿಲ್ಲ. ಪಾಲಿ ಮುಂದಿನ ಬಸ್ಸಿಗೆ ಕಾದರು. ರೈಲು ತಪ್ಪಿತು.

ಅವರು ದಾವೆ ಹೂಡಿದ್ದು ಆ ತಾಯಿಯ ಮೇಲಲ್ಲ, ಬಸ್ ಕಂಪನಿಯ ಮೇಲೆ. ನನ್ನ ಇವತ್ತಿನ ಮಾತೆಲ್ಲ ಇಷ್ಟರ ಮೇಲೆಯೇ ನಿಂತಿದೆ. ಬ್ರಿಟನ್ನಿನ 2010ರ ಸಮಾನತಾ ಕಾಯ್ದೆಯ ಪ್ರಕಾರ ಅಂಗವಿಕಲರಿಗೆ ತೊಡಕಾಗುವ ಪದ್ಧತಿಗಳನ್ನು ಸಮಂಜಸವಾಗಿ ಬದಲಿಸಿಕೊಳ್ಳಬೇಕಾದದ್ದು ಸೇವೆ ಕೊಡುವವರ ಹೊಣೆ. ಕಂಪನಿಯಾದರೋ ಜಾಗ ಬಿಟ್ಟುಕೊಡಿ ಎಂಬ ಫಲಕ ಹಾಕಿತ್ತು. ಯಾರಾದರೂ ಒಪ್ಪದಿದ್ದರೆ ಡ್ರೈವರ್ ಒತ್ತಾಯ ಮಾಡುವಂತಿರಲಿಲ್ಲ. ಲೀಡ್ಸ್‌ನ ನ್ಯಾಯಾಲಯ 2013ರಲ್ಲಿ ಪಾಲಿಯವರ ಪರವಾಗಿ ತೀರ್ಪು ನೀಡಿ 5,500 ಪೌಂಡ್ ಪರಿಹಾರ ಕೊಟ್ಟಿತು. 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. 2017ರ ಜನವರಿ 18ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು.

ತೀರ್ಪು ಅರ್ಧ ಗೆಲುವು. ಜಾಗ ಬಿಡದವರನ್ನು ಬಸ್ಸಿನಿಂದ ಇಳಿಸಲೇಬೇಕೆಂಬ ನಿಯಮ ಬೇಕಿಲ್ಲ ಎಂದಿತು ಪೀಠ. ಆದರೆ ಒಂದು ಮಾತು ಕೇಳಿ ಕೈತೊಳೆದುಕೊಳ್ಳುವುದೂ ಸಾಲದು. ಒಪ್ಪದಿರುವುದಕ್ಕೆ ತಕ್ಕ ಕಾರಣವಿಲ್ಲ ಅನ್ನಿಸಿದರೆ ಡ್ರೈವರ್ ಮುಂದಿನ ಹೆಜ್ಜೆ ಯೋಚಿಸಬೇಕು: ಜಾಗ ಬಿಡಲೇಬೇಕು ಎಂದು ಖಡಾಖಂಡಿತವಾಗಿ ಹೇಳಬಹುದು, ಕೆಲವು ನಿಮಿಷ ಬಸ್ಸನ್ನು ಮುಂದೆ ಬಿಡದೆ ನಿಲ್ಲಿಸಬಹುದು. ಪರಿಹಾರದ ಹಣ ಮಾತ್ರ ಪಾಲಿಯವರಿಗೆ ಸಿಗಲಿಲ್ಲ. ಹೀಗೆ ಮಾಡಿದ್ದರೆ ಅಂದು ಅವರಿಗೆ ಜಾಗ ಸಿಗುತ್ತಿತ್ತೆಂದು ಸಾಬೀತಾಗಿರಲಿಲ್ಲ ಎಂಬುದು ನಾಲ್ವರ ಅಭಿಪ್ರಾಯ. ನ್ಯಾಯಮೂರ್ತಿ ಲೇಡಿ ಹೇಲ್ ಸೇರಿದಂತೆ ಉಳಿದ ಮೂವರು ಪರಿಹಾರವೂ ಸಲ್ಲಬೇಕೆಂದರು.

ಆ ತಾಯಿಯನ್ನು ಕಲ್ಲುಮನಸ್ಸಿನವರು ಎನ್ನುವುದು ಸುಲಭ. ಮಲಗಿದ ಮಗು, ಕೈಯಲ್ಲಿ ಚೀಲಗಳು, ಓಡುವ ಬಸ್ಸು: ಇವುಗಳ ನಡುವೆ ಗಾಡಿ ಮಡಚುವ ಕಷ್ಟ ಹೆತ್ತವರಿಗೆ ಗೊತ್ತು. ಆದರೆ ಇಬ್ಬರ ಕಷ್ಟ ಒಂದೇ ತೂಕದ್ದಲ್ಲ. ಮಗುವನ್ನು ಮಡಿಲಿಗೆ ಎತ್ತಿಕೊಳ್ಳಬಹುದು. ಗಾಡಿ ಕೊಳ್ಳುವಾಗ ಮಡಚುವಂಥದ್ದನ್ನೇ ಆರಿಸಿಕೊಳ್ಳಬಹುದು. ಗಾಲಿಕುರ್ಚಿಯವರಿಗೆ ಬಸ್ಸಿನಲ್ಲಿ ಆ ಜಾಗ ಬಿಟ್ಟರೆ ಬೇರೆ ಗತಿಯಿಲ್ಲ.

ಆ ಜಾಗ ತಾನಾಗಿ ಹುಟ್ಟಿದ್ದೂ ಅಲ್ಲ. 1990ರ ದಶಕದಲ್ಲಿ ಅಂಗವಿಕಲ ಹೋರಾಟಗಾರರು ಲಂಡನ್ನಿನ ಬಸ್ಸುಗಳಿಗೆ ತಮ್ಮನ್ನು ಬೇಡಿಯಿಂದ ಬಿಗಿದುಕೊಂಡು ರಸ್ತೆ ತಡೆದರು. 1995ರಲ್ಲಿ ಅಂಗವಿಕಲರ ವಿರುದ್ಧದ ತಾರತಮ್ಯ ತಡೆಯುವ ಕಾಯ್ದೆ ಬಂತು. 2000ದ ನಿಯಮಗಳು ಹೊಸ ಬಸ್ಸುಗಳಲ್ಲಿ ಕನಿಷ್ಠ 1,300 ಮಿಲಿಮೀಟರ್ ಉದ್ದ, 750 ಮಿಲಿಮೀಟರ್ ಅಗಲದ ಜಾಗವನ್ನು ಕಡ್ಡಾಯ ಮಾಡಿದವು. ಮೆಟ್ಟಿಲುಗಳ ಬಸ್ಸು ಹೋಗಿ ತಗ್ಗು ನೆಲದ ಬಸ್ಸು ಬಂದಮೇಲೆ ತಳ್ಳುಗಾಡಿಯವರಿಗೂ ಮಡಚದೆ ಹತ್ತುವ ಸುಖ ಸಿಕ್ಕಿತು. ಒಬ್ಬರು ಹೋರಾಡಿ ತೆಗೆಸಿದ ಬಾಗಿಲಲ್ಲಿ ಎಲ್ಲರೂ ಬರಲಿ. ತೆಗೆಸಿದವರೇ ಹೊರಗೆ ನಿಲ್ಲಬಾರದು. ಇನ್ನೆರಡು ಸೀಟು ಕಡಿಮೆ ಮಾಡಿ ತಳ್ಳುಗಾಡಿಗೂ ಬೇರೆ ಜಾಗ ಕೊಟ್ಟರೆ ಜಗಳದ ಬೇರೇ ಹೋಗುತ್ತದೆ. ಹಾಗೆ ಮಾಡಿದ ಬಸ್ಸುಗಳೂ ಅಲ್ಲಿವೆ. ಬಸ್ಸಿನ ವಿನ್ಯಾಸದಲ್ಲಿ ಮಾಡಿದ ಜಿಪುಣತನವನ್ನು ಇಬ್ಬರು ಪ್ರಯಾಣಿಕರ ಸೌಜನ್ಯದ ಮೇಲೆ ಹೊರಿಸುವುದು ಅನ್ಯಾಯ.

ಈ ತೀರ್ಪು ಬಂದ ಮೂರು ತಿಂಗಳಿಗೆ, 2017ರ ಏಪ್ರಿಲ್ 19ರಂದು, ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಜಾರಿಗೆ ಬಂತು. ಅಂಗವಿಕಲರಿಗೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕೆಂಬ ತತ್ವ ಅದರಲ್ಲೂ ಇದೆ. ಸಾರಿಗೆಯ ಮಾತೂ ಇದೆ. ಆದರೆ ಬಸ್ಸಿಗೆ ರ್‍ಯಾಂಪ್ ಇದ್ದರೆ ಸಾಲದು, ಅದನ್ನು ಬಿಚ್ಚಿ ಹಾಕುವವರೊಬ್ಬರು ಬೇಕು. ಜಾಗ ಇದ್ದರೆ ಸಾಲದು, ಅದನ್ನು ಬಿಡಿಸಿಕೊಡುವವರು ಬೇಕು. ಆದ್ದರಿಂದ ಸಾರಿಗೆ ನಿಗಮಗಳಲ್ಲಿ ನನ್ನದೊಂದು ಕೋರಿಕೆ: ಚಾಲಕರಿಗೂ ನಿರ್ವಾಹಕರಿಗೂ ಈ ಕೆಲಸದ ತರಬೇತಿ ಕೊಡಿ, ಜಾಗ ಬಿಡಿಸುವ ಅಧಿಕಾರವನ್ನು ಬರವಣಿಗೆಯಲ್ಲಿ ಕೊಡಿ, ಅದಕ್ಕಾಗಿ ಬಸ್ಸು ಐದು ನಿಮಿಷ ತಡವಾದರೆ ಅವರಿಂದ ವಿವರಣೆ ಕೇಳಬೇಡಿ. ಉಳಿದ ನಾವು ಆ ಐದು ನಿಮಿಷ ಗೊಣಗದೆ ಕೂರೋಣ.