ಒಬ್ಬರೇ ನಿಂತರೂ ಅದು ಕನ್ನಡ ರಂಗಭೂಮಿ!

(ರಾಜಗೋಪಾಲನಗರದ ಏಕವ್ಯಕ್ತಿ ರಂಗಸಂಜೆಯಲ್ಲಿ ಆಡಿದ ಮಾತುಗಳ ಬರಹರೂಪ)



ಈ ಸಂಜೆ ಇಲ್ಲಿ ದೊಡ್ಡ ಸೆಟ್ಟಿಲ್ಲ, ಝಗಮಗಿಸುವ ದೀಪಗಳಿಲ್ಲ. ಒಬ್ಬರು ಬಂದು ನಿಲ್ಲುತ್ತಾರೆ. ಒಂದು ಪಾತ್ರವನ್ನೋ ತಮ್ಮದೇ ಬದುಕಿನ ಕಥೆಯನ್ನೋ ನಿಮ್ಮ ಮುಂದಿಡುತ್ತಾರೆ. ಇದೇನು ಹೊಸ ಫ್ಯಾಷನ್ನು ಎಂದು ಮೂಗು ಮುರಿಯಬೇಡಿ. ಇದು ನಮ್ಮ ಮನೆಯ ಸೊತ್ತು. ನಿಮ್ಮೂರಿನ ಹರಿಕಥೆ ದಾಸರು ಮಾಡುತ್ತಿದ್ದದ್ದು ಏನು? ಕೈಯಲ್ಲಿ ಚಿಟಿಕೆ, ಕಾಲಲ್ಲಿ ಗೆಜ್ಜೆ. ದ್ರೌಪದಿಯೂ ಅವರೇ, ದುಶ್ಶಾಸನನೂ ಅವರೇ! ಗುರುರಾಜುಲು ನಾಯ್ಡು ಅವರ ಹರಿಕಥೆಗೆ ಜನ ಮುಗಿಬೀಳುತ್ತಿದ್ದರು.

ಆ ದಾರಿ ನಿಂತಿಲ್ಲ. ಚಂದ್ರಶೇಖರ ಕಂಬಾರರ ‘ಸಿಂಗಾರೆವ್ವ ಮತ್ತು ಅರಮನೆ’ ಕಾದಂಬರಿಯನ್ನು ಲಕ್ಷ್ಮೀ ಚಂದ್ರಶೇಖರ್ ಒಬ್ಬರೇ ರಂಗಕ್ಕೆ ತಂದರು. ಆ ಕಾದಂಬರಿಯಲ್ಲಿ ಕಥೆ ಹೇಳುವವಳು ಅರಮನೆಯ ಒಡತಿಯಲ್ಲ, ಅವಳ ಜೊತೆಗಿದ್ದ ಸೇವಕಿ ಶೀನಿಂಗವ್ವ. ಹೇಳುವುದು ಉತ್ತರ ಕರ್ನಾಟಕದ ಗಟ್ಟಿ ಕನ್ನಡದಲ್ಲಿ.

ಇನ್ನೊಂದು ನಾಟಕದ ವಿಷಯ ಹೇಳಲೇಬೇಕು. ಗಿರೀಶ್ ಕಾರ್ನಾಡರ ‘ಒಡಕಲು ಬಿಂಬ’. 2005ರಲ್ಲಿ ಜೆ.ಪಿ. ನಗರದ ರಂಗಶಂಕರದಲ್ಲಿ ಅರುಂಧತಿ ನಾಗ್ ಆಡಿದರು. ಕನ್ನಡದ ಕಥೆಗಾರ್ತಿ ಮಂಜುಳಾ ನಾಯಕ್ ಇಂಗ್ಲಿಷ್ ಕಾದಂಬರಿಯೊಂದರಿಂದ ಜಗತ್ತಿಗೇ ಹೆಸರಾಗುತ್ತಾಳೆ. ಕನ್ನಡ ಬಿಟ್ಟಿದ್ದೇಕೆ ಎಂದು ಟಿವಿ ಸ್ಟುಡಿಯೋದಲ್ಲಿ ನಯವಾಗಿ ಸಮಜಾಯಿಷಿ ಕೊಡುತ್ತಾಳೆ. ಮಾತು ಮುಗಿಸಿ ಹೊರಟರೆ ಪರದೆಯ ಮೇಲಿನ ಅವಳದೇ ಬಿಂಬ ಅವಳನ್ನು ತಡೆದು ಪ್ರಶ್ನಿಸುತ್ತದೆ! ಕೊನೆಗೆ ತಿಳಿಯುವುದೇನು? ಆ ಕಾದಂಬರಿ ಅವಳದಲ್ಲ, ತೀರಿಕೊಂಡ ತಂಗಿಯದು. ಬೇರೆಯವರ ಕಥೆಯನ್ನು ತನ್ನದೆಂದು ಮಾರಿದವಳಿಗೆ ತನ್ನ ಮುಖವೇ ವೈರಿ.

ನೆನಪಿರಲಿ, ಅರುಂಧತಿಯವರು ಮರಾಠಿ ರಂಗಭೂಮಿಯಿಂದ ಬಂದವರು. ಕನ್ನಡ ಕಲಿತರು. ಶಂಕರ್ ನಾಗ್ ನೆನಪಿಗೆ ಕಟ್ಟಿಸಿದ ರಂಗಶಂಕರವನ್ನು 2004ರಲ್ಲಿ ಜನರಿಗೆ ತೆರೆದರು. ಹೊರಗಿನಿಂದ ಬಂದವರು ಇಷ್ಟು ಮಾಡಿದರು. ಇಲ್ಲೇ ಹುಟ್ಟಿದ ನಾವು?

ನಮ್ಮ ಪೀಣ್ಯ, ರಾಜಗೋಪಾಲನಗರವನ್ನೇ ನೋಡಿ. ಲೇತ್ ಮುಂದೆ ನಿಂತವನು ತುಮಕೂರು ಕಡೆಯವನು. ಗಾರ್ಮೆಂಟ್ಸಿನಲ್ಲಿ ಹೊಲಿಯುವವಳು ಹಾಸನದವಳು. ಗಾರೆ ಕೆಲಸದವನು ರಾಯಚೂರಿನವನು. ಒಂದೇ ಬೀದಿಯಲ್ಲಿ ಎಷ್ಟು ಕನ್ನಡ! ಆದರೆ ಊರ ಕಡೆಯ ಮಾತಾಡಿದರೆ ನಗುತ್ತಾರೆ ಎಂಬ ಕೀಳರಿಮೆ ನಮ್ಮ ಹುಡುಗರ ಬಾಯಿ ಕಟ್ಟಿಹಾಕಿದೆ. 2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹಣ ತೆಗೆಯಲು ಕೇಂದ್ರ ಸರ್ಕಾರ ಕಟ್ಟುಪಾಡು ಹಾಕಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗಿಳಿದರು. ಎರಡೇ ದಿನದಲ್ಲಿ ಸರ್ಕಾರ ಹಿಂದೆ ಸರಿಯಿತು. ಆ ಕಥೆ ಯಾರು ಹೇಳಬೇಕು? ಹೊಲಿಗೆ ಮಿಷನ್ ಬಿಟ್ಟು ಎದ್ದುಬಂದವಳೇ ಹೇಳಬೇಕು, ಅವಳ ಕನ್ನಡದಲ್ಲೇ ಹೇಳಬೇಕು. ಅವಳು ಸುಮ್ಮನಿದ್ದರೆ ನಾಳೆ ಇನ್ಯಾರೋ ಇಂಗ್ಲಿಷಿನಲ್ಲಿ ಹೇಳಿ ಹೆಸರು ಮಾಡುತ್ತಾರೆ.

ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ಬಂತು. ಸಂತೋಷ. ಅದಕ್ಕೆ ಹೋರಾಡಿದವರಿಗೆ ನಮಸ್ಕಾರ. ಆದರೆ ನಿಮ್ಮ ಬಾಯಲ್ಲಿ ಶೇಕಡಾ ಎಷ್ಟು? ಬೋರ್ಡಿನಲ್ಲಿ ಉಳಿದು ಬಾಯಲ್ಲಿ ಸತ್ತ ಭಾಷೆಯನ್ನು ಯಾವ ಕಾನೂನೂ ಬದುಕಿಸಲಾರದು.

ಬೇಕಾದದ್ದು ಹತ್ತು ನಿಮಿಷ, ಒಂದು ಕುರ್ಚಿ, ಒಂದು ಟ್ಯೂಬ್‌ಲೈಟು. ಗಣಪತಿ ಪೆಂಡಾಲಿನಲ್ಲಿ ಆರ್ಕೆಸ್ಟ್ರಾಕ್ಕೆ ಮೊದಲು ಅರ್ಧ ಗಂಟೆ ಕೇಳಿ ಪಡೆಯಿರಿ. ಕಥೆ ದೊಡ್ಡದಿರಬೇಕಿಲ್ಲ. ಮೊದಲ ಸಂಬಳ, ಬಾಡಿಗೆ ಮನೆಯ ಅಡ್ವಾನ್ಸು, ನೈಟ್ ಶಿಫ್ಟ್ ಮುಗಿದ ಬೆಳಗು, ಇಷ್ಟು ಸಾಕು. ನಿಮ್ಮೂರ ಮಾತಿನಲ್ಲೇ ಹೇಳಿ. ಬೇರೆಯವರ ಗುಟ್ಟನ್ನು ಬೀದಿಗೆ ತರಬೇಡಿ. ರಜೆಯ ದಿನ ಪೀಣ್ಯದಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿ. ರೈಲು ಬದಲಿಸದೆ ಜೆ.ಪಿ. ನಗರ ಸಿಗುತ್ತದೆ. ಟಿಕೆಟ್ ತೆಗೆದು ಕನ್ನಡ ನಾಟಕ ನೋಡಿ, ಕಲಿತು ಬನ್ನಿ.

ಇಂದಿನ ಕಥೆಗಳು ಮುಗಿದ ಮೇಲೆ ಚಪ್ಪಾಳೆ ತಟ್ಟಿ ಮನೆಗೆ ಹೋಗಿಬಿಡಬೇಡಿ. ಮುಂದಿನ ಸರದಿಗೆ ನಿಮ್ಮ ಹೆಸರು ಕೊಟ್ಟು ಹೋಗಿ.

ಜೈ ಕರ್ನಾಟಕ!