ಚಿತ್ರಮಂದಿರದ ಗೋಡೆಯೂ ನಾಲ್ಕಾಣೆಯ ಪೀಠವೂ
(ಕಾಮಗಾರರ ಸಭೆಯಲ್ಲಿ ಮಾಡಿದ ಭಾಷಣ)



ಚಿತ್ರಮಂದಿರಗಳ ಮಾತು ಈ ಸಭೆಗೆ ಏಕೆಂದು ಕೆಲವರು ಕೇಳಬಹುದು. ಎಂಟು ತಾಸು ಯಂತ್ರದ ಮುಂದೆ ನಿಂತವನು ಮೂರು ತಾಸು ಕುಳಿತು ನಗುವ, ಅಳುವ ಜಾಗ ಯಾರ ಕೈಯಲ್ಲಿದೆ ಎಂಬುದು ಕೂಲಿಯ ಪ್ರಶ್ನೆಯಿಂದ ಬಹಳ ದೂರದ್ದಲ್ಲ. ಅದಕ್ಕಾಗಿ ಇಂದು ಮುಂಬಯಿಯ ಉದಾಹರಣೆ ತೆಗೆದುಕೊಂಡಿದ್ದೇವೆ. 1956ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದವರಿಗೆ ಅದೇ ರಾಜಧಾನಿಯಾಗಿತ್ತು.

ನಮ್ಮ ದೇಶದಲ್ಲಿ ಚಲಿಸುವ ಚಿತ್ರ ಮೊದಲು ಕಾಣಿಸಿಕೊಂಡದ್ದು 1896ರ ಜುಲೈ 7ರಂದು, ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ. ಇಂಗ್ಲೆಂಡಿನಲ್ಲಿ ಎರಕ ಹೊಯ್ದು ಹಡಗಿನಲ್ಲಿ ತಂದ ಕಬ್ಬಿಣದ ಕಟ್ಟಡ ಅದು. ಟಿಕೆಟ್ಟು ಒಂದು ರೂಪಾಯಿ. ಅಂದಿನ ಗಿರಣಿ ಕಾಮಗಾರನ ದಿನಗೂಲಿಗಿಂತ ಹೆಚ್ಚು. ಕೆಲವೇ ದಿನಗಳಲ್ಲಿ ಪ್ರದರ್ಶನ ನಾವೆಲ್ಟಿ ನಾಟಕಶಾಲೆಗೆ ಬಂತು. ಅಲ್ಲಿ ನಾಲ್ಕಾಣೆಯ ಪೀಠವನ್ನೂ ಇಟ್ಟರು. ಸಿನಿಮಾ ಜನರದಾದದ್ದು ಆ ನಾಲ್ಕಾಣೆಯಿಂದ ಎಂಬುದನ್ನು ಮರೆಯಬಾರದು.

1913ರ ಮೇ 3ರಂದು ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ಗಿರಗಾಂವಿನ ಕಾರೊನೇಷನ್‌ನಲ್ಲಿ ತೆರೆಕಂಡಿತು. 1931ರ ಮಾರ್ಚ್ 14ರಂದು ಮೊದಲ ಮಾತಿನ ಚಿತ್ರ ‘ಆಲಂ ಆರಾ’ ಅದೇ ಗಿರಗಾಂವಿನ ಮೆಜೆಸ್ಟಿಕ್‌ನಲ್ಲಿ ಬಂದಿತು. ಇಂದು ಆ ಎರಡು ಮಂದಿರಗಳೂ ಇಲ್ಲ. ‘ಆಲಂ ಆರಾ’ದ ಒಂದು ಪ್ರತಿಯೂ ಉಳಿದಿಲ್ಲ.

ಉಳಿದವು ಯಾವುವು? 1933ರ ರೀಗಲ್, 1938ರ ಮೆಟ್ರೊ ಮತ್ತು ಈರೋಸ್. ಮೆಟ್ರೊವನ್ನು ಕಟ್ಟಿಸಿದ್ದು ಅಮೆರಿಕದ ಚಿತ್ರ ಕಂಪನಿ. ಇವು ಕೋಟೆಯ ಭಾಗದ ಸಿರಿವಂತರಿಗಾಗಿ, ಹೆಚ್ಚಾಗಿ ಇಂಗ್ಲಿಷ್ ಚಿತ್ರಗಳಿಗಾಗಿ ಎದ್ದ ಮಂದಿರಗಳು. ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ, ಲಿಬರ್ಟಿ ತೆರೆಯಿತು. ಅಂಥದೇ ವೈಭವ ಅಲ್ಲಿ ಹಿಂದಿ ಚಿತ್ರಕ್ಕೂ ದೊರೆಯಿತು. ಮುಂಬಯಿ ಸೆಂಟ್ರಲ್ ನಿಲ್ದಾಣದ ಬಳಿ 1958ರಲ್ಲಿ ಮರಾಠಾ ಮಂದಿರ ಬಂತು. 1995ರ ಒಂದು ಹಿಂದಿ ಚಿತ್ರ ಅಲ್ಲಿ ಅಗ್ಗದ ಟಿಕೆಟ್ಟಿಗೆ ಸಾವಿರ ವಾರ ದಾಟಿ ಓಡಿತು.

1995ರಲ್ಲಿ ಮುಂಬಯಿಯ ಹಳೆಯ ಕಟ್ಟಡಗಳ ರಕ್ಷಣೆಗೆ ನಿಯಮಗಳು ಬಂದವು. 2018ರಲ್ಲಿ ಯುನೆಸ್ಕೊ ಅಲ್ಲಿನ ಕಟ್ಟಡಗಳ ಒಂದು ಸಮೂಹವನ್ನೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ರೀಗಲ್, ಈರೋಸ್ ಎರಡೂ ಅದರಲ್ಲಿವೆ. 1993ರಲ್ಲಿ ಮುಚ್ಚಿದ್ದ ರಾಯಲ್ ಆಪೆರಾ ಹೌಸ್ ದುರಸ್ತಿಯಾಗಿ 2016ರಲ್ಲಿ ಮತ್ತೆ ತೆರೆಯಿತು. ಇದೆಲ್ಲ ಒಳ್ಳೆಯದೇ. ಗೌಂಡಿ, ಬಡಗಿ, ಕಮ್ಮಾರರ ಕೈಗೆಲಸ ಉಳಿಯಲಿ ಎಂದು ನಾವೂ ಬಯಸುತ್ತೇವೆ. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಕಟ್ಟಡ ಬದುಕುವುದಿಲ್ಲ. ರಕ್ಷಿತ ಕಟ್ಟಡವೆನಿಸಿದ್ದ ಆ ವಾಟ್ಸನ್ ಹೋಟೆಲಿನ ಒಂದು ಭಾಗ 2005ರ ಮಳೆಗಾಲದಲ್ಲಿ ಕುಸಿದು ಬಿತ್ತು.

ಇನ್ನು ಗಿರಣಗಾಂವಿನ ಕಡೆ ನೋಡೋಣ. ಲಾಲ್‌ಬಾಗಿನಲ್ಲಿ, ಗಿರಣಿಯ ಜಾಗದಲ್ಲೇ ನಿಂತ ಭಾರತಮಾತಾ ಚಿತ್ರಮಂದಿರ ಗಿರಣಿಯವರಿಗೆ ಮರಾಠಿ ಚಿತ್ರಗಳನ್ನು ತೋರಿಸುತ್ತ ಬಂದಿತು. 1982ರ ಜನವರಿಯಲ್ಲಿ ಸುಮಾರು ಎರಡೂವರೆ ಲಕ್ಷ ಕಾಮಗಾರರು ಮುಷ್ಕರ ಹೂಡಿದರು. ಅದರ ನಂತರ ಎಷ್ಟೋ ಗಿರಣಿಗಳು ಮುಚ್ಚಿದವು, ನೆಲದ ಬೆಲೆ ಮುಗಿಲಿಗೇರಿತು. ಫೀನಿಕ್ಸ್ ಗಿರಣಿಯ ಜಾಗದಲ್ಲಿ ಮಾಲ್ ಎದ್ದಿತು. ಅದರೊಳಗೆ ಹಲವು ತೆರೆಗಳ ಚಿತ್ರಮಂದಿರವೂ ಬಂತು. ನೂಲು ತೆಗೆದ ನೆಲದಲ್ಲಿ ನೂಲುವವನ ಮಗ ಒಂದು ಚಿತ್ರ ನೋಡಬೇಕಾದರೆ ಎರಡು ಸಲ ಯೋಚಿಸಬೇಕಾಗಿದೆ.

ಅಂಗಡಿಕಾರ ಮಿತ್ರರಿಗೂ ಇದರಲ್ಲಿ ಪಾಠವಿದೆ. ಹಳೆಯ ಮಂದಿರದ ಬಾಗಿಲಲ್ಲಿ ಶೇಂಗಾದವನು, ಸೋಡಾದವನು, ಬೀಡಿ-ಎಲೆಯವನು, ಸೈಕಲ್ ಕಾಯುವವನು ಎಲ್ಲರೂ ಆಟದ ಗಂಟೆಯ ಮೇಲೆ ಬದುಕುತ್ತಿದ್ದರು. ಹೊಸ ಮಂದಿರದಲ್ಲಿ ಎಲ್ಲ ವ್ಯಾಪಾರವೂ ಒಳಗೆ, ಒಬ್ಬನ ಕೈಯಲ್ಲೇ. ಹೊರಗಿನ ತಿಂಡಿ ತರಬಾರದೆನ್ನುವ ಹಕ್ಕು ಮಾಲೀಕನಿಗುಂಟು ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕುಡಿಯುವ ನೀರನ್ನು ಪುಕ್ಕಟೆ ಕೊಡಬೇಕೆಂದಿತು, ಎಳೆಗೂಸಿನ ಆಹಾರಕ್ಕೆ ತಡೆಯಿಲ್ಲವೆಂದಿತು. ಕಾನೂನಿನ ಮಾತು ಅಲ್ಲಿಗೆ ಮುಗಿಯಿತು. ಶೇಂಗಾದವನ ಹೊಟ್ಟೆಯ ಮಾತು ಮುಗಿಯಲಿಲ್ಲ.

ನಮ್ಮ ಊರಲ್ಲೂ ಹಳೆಯ ಟಾಕೀಸು ಮಾರಾಟಕ್ಕೆ ಬಂದಾಗ ನಗರಸಭೆಯ ಮುಂದೆ ಮೂರು ಪ್ರಶ್ನೆ ಇಡೋಣ. ಅಲ್ಲಿ ದುಡಿದ ಗೇಟ್‌ಕೀಪರ್, ಪ್ರೊಜೆಕ್ಟರ್ ನಡೆಸಿದವನಿಗೆ ಮುಂದೇನು? ಬಾಗಿಲ ಬಳಿಯ ಸಣ್ಣ ವ್ಯಾಪಾರಿಗೆ ಜಾಗವೆಲ್ಲಿ? ಹೊಸದು ಕಟ್ಟುವುದಾದರೆ ಕೂಲಿಗಾರನ ಕೈಗೆಟುಕುವ ಪೀಠಗಳು ಎಷ್ಟು? ಇವಕ್ಕೆ ಬರವಣಿಗೆಯಲ್ಲಿ ಉತ್ತರ ಬರುವವರೆಗೆ ಪರವಾನಗಿ ಕೊಡಬಾರದೆಂದು ಈ ಸಭೆ ಗೊತ್ತುವಳಿ ಮಾಡಬೇಕೆಂದು ನಾವು ಸೂಚಿಸುತ್ತೇವೆ. ಮುಂಬಯಿಯಲ್ಲಿ ಗೋಡೆಗಳ ಪಟ್ಟಿ ತಯಾರಾಯಿತು. ನಾಲ್ಕಾಣೆಯ ಪೀಠದ ಲೆಕ್ಕ ಯಾರೂ ಇಡಲಿಲ್ಲ. ಆ ಲೆಕ್ಕವನ್ನು ಇಲ್ಲಿಯಾದರೂ ನಾವು ಇಡಬೇಕು.